ಹೊಲಸಿದ್ದದ್ದು ನನ್ನ ಸೊಸೆಯ ಕೊಡದಲ್ಲಿ ಅಲ್ಲ

ನಮ್ಮ ಪಟ್ಟಣಕ್ಕೆ ಕುಡಿಯುವ ನೀರು ಬಿಡುವ ಕಚೇರಿಯ ಮಾನ್ಯ ಅಧಿಕಾರಿಗಳೇ,

ನಿಮ್ಮ ಕಚೇರಿಯ ಮೊಹರು ಬಿದ್ದ ಕಾಗದವೊಂದು ನನ್ನ ಸೊಸೆಯನ್ನು ಹೊಲಸು ಹೆಂಗಸು ಎಂದು ಕರೆದಿದೆ. ಅದು ಸುಳ್ಳು. ಆ ಸುಳ್ಳನ್ನು ನೀವು ವಾಪಸು ತೆಗೆದುಕೊಳ್ಳಬೇಕು. ಬಾಯಿಮಾತಿನಲ್ಲಿ ಅಲ್ಲ, ಅಂಥದೇ ಕಾಗದದಲ್ಲಿ, ಅದೇ ಮೊಹರು ಒತ್ತಿ. ಇಷ್ಟನ್ನು ಹೇಳಲು ನಿಮ್ಮ ಕಚೇರಿಗೆ ನಾಲ್ಕು ಸಲ ಬಂದೆ. ಒಮ್ಮೆ ನೀವು ಮೀಟಿಂಗಿನಲ್ಲಿದ್ದಿರಿ, ಒಮ್ಮೆ ಸಿಂಧನೂರಿಗೆ ಹೋಗಿದ್ದಿರಿ, ಒಮ್ಮೆ ಊಟಕ್ಕೆ ಎದ್ದಿದ್ದಿರಿ. ನಾಲ್ಕನೆಯ ಸಲ ಒಳಗೇ ಇದ್ದಿರಿ, ಆದರೆ ಇಲ್ಲವೆಂದು ಹೇಳಿಸಿದಿರಿ. ಬಾಗಿಲ ಸಂದಿಯಲ್ಲಿ ನಿಮ್ಮ ಚಪ್ಪಲಿ ಕಾಣುತ್ತಿದ್ದವು. ಅದಕ್ಕೇ ಈ ಸಲ ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ನಾನು ಲಿಂಗಸುಗೂರಿನಲ್ಲಿ ಹುಟ್ಟಿದವಳು. ಅಲ್ಲಿಯ ಹೈಸ್ಕೂಲಿನಲ್ಲಿ ಹತ್ತನೆಯ ತರಗತಿ ಪಾಸಾಗಿ, ಮಸ್ಕಿ ರಸ್ತೆಯ ಕಡೆಗಿರುವ ಈ ಓಣಿಗೆ ಸೊಸೆಯಾಗಿ ಬಂದೆ. ಆಗ ಈ ಓಣಿಯಲ್ಲಿ ಓದು ಬರಹ ಬಲ್ಲ ಹೆಂಗಸು ನಾನೊಬ್ಬಳೇ. ಈಗಲೂ ಸರ್ಕಾರದ ಭಾಷೆ ತಿಳಿಯುವವಳು ನಾನೊಬ್ಬಳೇ. ನನ್ನ ಗಂಡ ಅಮರಗುಂಡಪ್ಪ ಭತ್ತದ ಗಿರಣಿಯಲ್ಲಿ ತೂಕ ಮಾಡಿಸುತ್ತಾರೆ. ಮಗ ವಿರೇಶ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಾನೆ. ಸೊಸೆ ಶಿವಕುಮಾರಿ ತುರ್ವಿಹಾಳದವಳು. ಮನೆಯಲ್ಲಿ ಮೂರು ಸಣ್ಣ ಮಕ್ಕಳು ಇದ್ದಾರೆ: ಆರು ವರ್ಷದ ಸಾನ್ವಿ, ಮೂರೂವರೆಯ ಚನ್ನವೀರ, ಎಂಟು ತಿಂಗಳ ಕೂಸು. ಮಕ್ಕಳು ಇದ್ದಾರೆ ಎಂದು ಬರೆದೆ. ಇದ್ದರು ಎಂದು ಬರೆಯಬೇಕಾಗಿತ್ತು. ಈಗ ಅವರು ತಾಯಿಯ ಜೊತೆ ತುರ್ವಿಹಾಳದಲ್ಲಿದ್ದಾರೆ. ಅದಕ್ಕೆ ಕಾರಣ ನಿಮ್ಮ ಕಾಗದ ಮತ್ತು ನನ್ನ ಬಾಯಿ.

ನೀವು ನಮ್ಮ ಓಣಿಯನ್ನು ನೋಡಿಲ್ಲವಾದ್ದರಿಂದ ಅಲ್ಲಿ ನೀರು ಹೇಗೆ ಬರುತ್ತದೆಂದು ಮೊದಲು ಹೇಳುತ್ತೇನೆ. ಐದು ದಿನಕ್ಕೊಮ್ಮೆ ಬರುತ್ತದೆ. ಬಂದ ನೀರಿಗೆ ನೆಲದ ಮಟ್ಟಕ್ಕೆ ಏರುವಷ್ಟು ಜೀವವಿಲ್ಲ. ನೀರು ಮೇಲೆ ಬಾರದಿದ್ದರೆ ಏನು ಮಾಡುವುದು? ನಾವೇ ಕೆಳಗಿಳಿದಿದ್ದೇವೆ. ಪ್ರತಿ ಮನೆಯ ಮುಂದೆ ಸೊಂಟದಾಳದ ಒಂದು ಗುಂಡಿ ತೋಡಿ, ಸುತ್ತ ಕಲ್ಲು ಕಟ್ಟಿ, ತಳದಲ್ಲಿ ನಳ ಕೂಡಿಸಿದ್ದೇವೆ. ಹೆಂಗಸರು ಸೀರೆ ಎತ್ತಿ ಕಟ್ಟಿ ಗುಂಡಿಗೆ ಇಳಿಯುತ್ತಾರೆ, ಚೊಂಬಿನಲ್ಲಿ ನೀರು ಹಿಡಿದು ಕೊಡ ತುಂಬುತ್ತಾರೆ, ತುಂಬಿದ ಕೊಡವನ್ನು ಮೇಲೆ ನಿಂತವರಿಗೆ ಎತ್ತಿಕೊಡುತ್ತಾರೆ. ಚರಂಡಿ ಮಾತ್ರ ಈ ನಳಕ್ಕಿಂತ ಎರಡು ಅಡಿ ಮೇಲೆ ಹರಿಯುತ್ತದೆ. ಹೊಲಸಿಗೆ ಮೇಲಿನ ಸ್ಥಾನ ಕೊಟ್ಟು ಕುಡಿಯುವ ನೀರನ್ನು ಅದರ ಕಾಲಕೆಳಗೆ ಹಾಯಿಸಿದ ಬುದ್ಧಿ ಯಾರದು? ನಿಮ್ಮ ಕಚೇರಿಯ ಗೋಡೆಗೆ ತೂಗುಹಾಕಿರುವ ಬಣ್ಣಬಣ್ಣದ ನಕ್ಷೆಯಲ್ಲಿ ನಮ್ಮ ಓಣಿ ಬಹಳ ಚೆಂದ ಕಾಣುತ್ತದೆ. ಆ ನಕ್ಷೆಗೆ ಮೂಗಿಲ್ಲ, ಅದಕ್ಕೆ.

ಈ ವರ್ಷ ಹೊಸ ಚರಂಡಿಗೆಂದು ನಮ್ಮ ಓಣಿ ಅಗೆದರು. ಅಗೆದ ಮೂರನೆಯ ವಾರ ನೀರು ನಾರತೊಡಗಿತು. ಹೇಗೆ ನಾರಿತೆಂದು ಮರ್ಯಾದೆಯ ಮಾತಿನಲ್ಲಿ ಹೇಳಲು ನನಗೆ ಬರುವುದಿಲ್ಲ. ಸಂಡಾಸಿನ ವಾಸನೆ. ಅನ್ನ ಬೆಂದರೂ ಅದೇ ವಾಸನೆ, ಚಹಾದಲ್ಲೂ ಅದೇ ವಾಸನೆ, ಸ್ನಾನ ಮಾಡಿಸಿ ಎತ್ತಿಕೊಂಡ ಕೂಸಿನ ನೆತ್ತಿ ಮೂಸಿದರೂ ಅದೇ. ಒಂದು ದಿನ ಚನ್ನವೀರ ಲೋಟವನ್ನು ಬಿಸಿಲಿಗೆ ಹಿಡಿದು ನೋಡುತ್ತ ಕುಳಿತಿದ್ದ. ಕುಡಿಯೋ ಅಂದರೆ ಕುಡಿಯಲೊಲ್ಲ.

“ಅಜ್ಜಿ, ತಡಿ, ಇದು ಈಜಾಕತ್ತೈತಿ,” ಅಂದ.

ದಾರದ ಎಳೆಯಂಥ ಕೆಂಪು ಹುಳ. ಹುಡುಗ ಅದಕ್ಕೆ ಹೆಸರನ್ನೂ ಇಟ್ಟಿದ್ದ.

ನಾವು ಸೋಸಿದೆವು, ಕುದಿಸಿದೆವು, ಕುದಿಸಿ ಸೋಸಿದೆವು. ಆದರೂ ಮೂರು ಮಕ್ಕಳಿಗೂ ಹೊಟ್ಟೆ ಕೆಟ್ಟಿತು. ದೊಡ್ಡವರಿಬ್ಬರು ಎರಡು ದಿನಕ್ಕೆ ಎದ್ದರು. ಕೂಸು ಏಳಲಿಲ್ಲ. ಹಗಲೊಂದಕ್ಕೆ ಹದಿನೆಂಟು ಲಂಗೋಟಿ. ನೀರು ಬರುವುದು ಐದು ದಿನಕ್ಕೊಮ್ಮೆ ಎಂಬುದನ್ನು ಇಲ್ಲಿ ಮತ್ತೆ ನೆನಪು ಮಾಡಿಕೊಳ್ಳಿ. ಒಗೆಯದೆ ಬಿಟ್ಟರೆ ಮನೆ ನಾರುತ್ತದೆ, ಒಗೆದರೆ ಲಂಗೋಟಿಯೇ ಇನ್ನಷ್ಟು ನಾರುತ್ತದೆ. ಆಸ್ಪತ್ರೆಯಲ್ಲಿ ಕೂಸಿನ ಕೈಗೆ ಸೂಜಿ ಚುಚ್ಚಲು ನರ ಸಿಗದೆ ಕಾಲಿಗೆ ಚುಚ್ಚಿದರು. ಡಾಕ್ಟರಮ್ಮ ಕೇಳಿದ್ದು ಒಂದೇ ಮಾತು, ಮನೆಯಲ್ಲಿ ಯಾವ ನೀರು ಕುಡಿಯುತ್ತೀರಿ ಎಂದು. ನಳದ್ದು ಅಂದೆ. ಅವರು ನನ್ನ ಮುಖ ನೋಡಿ, ಅದನ್ನು ಚೀಟಿಯಲ್ಲಿ ಬರೆದುಕೊಂಡರು. ಅಲ್ಲಿಯೇ ನನಗೆ ತಿಳಿಯಬೇಕಿತ್ತು.

ತಿಳಿಯಲಿಲ್ಲ. ನನಗೆ ಕಂಡದ್ದು ಸೊಸೆಯ ಕೈ. ಮನೆಯಲ್ಲಿ ಏನು ಕೆಟ್ಟರೂ ಮೊದಲು ಸೊಸೆಯ ಕೈ ನೋಡುವುದು ನಮ್ಮ ಪೀಳಿಗೆಯ ಅತ್ತೆಯರ ರೂಢಿ. ನಾನು ಅದಕ್ಕೆ ಹೊರತಲ್ಲ.

“ಕೊಡ ತಿಕ್ಕೀಯೇನ ಶಿವಕುಮಾರಿ?”

“ತಿಕ್ಕೀನ್ರಿ ಅತ್ತಿ.”

“ಯಾತರಲೆ?”

“ಹುಣಸಿಹಣ್ಣು ಹಚ್ಚಿ ತಿಕ್ಕೀನ್ರಿ. ಆಮ್ಯಾಲ ಬೂದಿಲೆ ತಿಕ್ಕೀನಿ.”

“ಮತ್ತ ತಿಕ್ಕು.”

ತಿಕ್ಕಿದಳು. ಕಂಕುಳಲ್ಲಿ ಸುಸ್ತಾದ ಕೂಸು, ಒಂದೇ ಕೈಯಲ್ಲಿ ತಾಮ್ರದ ಕೊಡ ತಿಕ್ಕಿದಳು. ನಾನು ಮೂಸಿ ನೋಡಿ, ಮತ್ತೆ ತಿಕ್ಕು ಅಂದೆ. ಮೂರನೆಯ ಸಲ ಅವಳು ತಲೆ ಎತ್ತಿದಳು.

“ಅತ್ತಿ, ಕೊಡ ತಿಕ್ಕಿದ್ರ ನಳದ ಹೊಟ್ಟಿ ಸ್ವಚ್ಛ ಆಕ್ಕೈತೇನ್ರಿ?”

“ಎದುರು ಮಾತಾಡಬ್ಯಾಡ.”

ಆದರೂ ಒಂದು ಕೆಲಸ ಮಾಡಿದೆ. ನಿಮ್ಮ ಕಚೇರಿಗೆ ದೂರು ಬರೆದೆ. ಎರಡು ಪುಟ, ಒಂದೂ ಒತ್ತಕ್ಷರ ತಪ್ಪಿಲ್ಲದೆ. ಇಪ್ಪತ್ತೆರಡು ದಿನಗಳ ಮೇಲೆ ಉತ್ತರ ಬಂತು. ಉತ್ತರ ಬಂದದ್ದಕ್ಕೇ ನನಗೆ ಎಷ್ಟು ಹೆಮ್ಮೆಯಾಯಿತೆಂದು ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ನಮ್ಮ ಓಣಿಯಲ್ಲಿ ಒಂದು ಪದ್ಧತಿಯಿದೆ. ನೀರು ಬರುವ ದಿನ ಹೆಂಗಸರೆಲ್ಲ ಹೊರಗೆ ಇರುತ್ತಾರಲ್ಲ, ಐದು ದಿನಗಳಲ್ಲಿ ಯಾರ ಯಾರ ಮನೆಗೆ ಏನೇನು ಕಾಗದ ಬಂದಿವೆಯೋ ಅವನ್ನೆಲ್ಲ ಅಂದೇ ತರುತ್ತಾರೆ. ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ನಾನು ಓದಿ ಹೇಳುತ್ತೇನೆ. ಪಿಂಚಣಿ ನಿಂತದ್ದು, ಪಡಿತರ ಚೀಟಿಯಲ್ಲಿ ಹೆಸರು ಬಿಟ್ಟದ್ದು, ಅಂಗನವಾಡಿಯ ಸೂಚನೆ, ಎಲ್ಲ. ನಾನು ಓದಿದ ಮೇಲೆ ಅದು ಕಾಯಂ. ಕಸ್ತೂರಕ್ಕ ಓದ್ಯಾಳ ಅಂದರೆ ಮುಗಿಯಿತು, ಅದರ ಮೇಲೆ ಮಾತಿಲ್ಲ. ಆ ದಿನ ನಾನು ನನ್ನದೇ ಲಕೋಟೆಯನ್ನು ಎಲ್ಲರೆದುರು ಒಡೆದೆ. ಮೊದಲೇ ಒಡೆದು ಓದಿಕೊಳ್ಳಬಹುದಿತ್ತು. ಓಣಿಯ ಮುಂದೆ ಒಡೆಯಬೇಕೆಂದು ಒಂದು ದಿನ ಪೂರ್ತಿ ಹಾಗೇ ಇಟ್ಟುಕೊಂಡಿದ್ದೆ.

ನೀವು ಬರೆದದ್ದು ನಿಮಗೆ ಮರೆತಿರಬಹುದು. ನನಗೆ ಬಾಯಿಪಾಠವಾಗಿದೆ. “ಸದರಿ ದೂರಿನ ಬಗ್ಗೆ ಸ್ಥಳ ಪರಿಶೀಲನೆ ನಡೆಸಲಾಗಿ, ಸರಬರಾಜಾಗುತ್ತಿರುವ ನೀರು ಶುದ್ಧವಾಗಿರುವುದು ಕಂಡುಬಂದಿರುತ್ತದೆ. ಅರ್ಜಿದಾರರ ಮನೆಯ ಮಹಿಳೆಯರು ನೀರಿನ ಪಾತ್ರೆಗಳನ್ನು ಸ್ವಚ್ಛಗೊಳಿಸದೆ ಬಳಸುತ್ತಿರುವುದೇ ದುರ್ವಾಸನೆಗೆ ಹಾಗೂ ಮಕ್ಕಳ ಅನಾರೋಗ್ಯಕ್ಕೆ ಕಾರಣವಾಗಿರುತ್ತದೆ. ಆದ್ದರಿಂದ ಸದರಿ ದೂರನ್ನು ವಿಲೇವಾರಿ ಮಾಡಲಾಗಿದೆ.”

ಮೊದಲ ಸಾಲಿಗೇ ನಾನು ನಿಲ್ಲಿಸಬಹುದಿತ್ತು. ಎರಡನೆಯ ಸಾಲು ಕಣ್ಣಿಗೆ ಬಿದ್ದಿತ್ತು. ನಿಲ್ಲಿಸಲಿಲ್ಲ. ಗುಂಡಿಯಲ್ಲಿ ನಿಂತು ಕೊಡ ತುಂಬುತ್ತಿದ್ದ ಶಿವಕುಮಾರಿಯ ಕಡೆ ನೋಡುತ್ತ ಆ ಸಾಲನ್ನು ದನಿ ಏರಿಸಿ ಓದಿದೆ. ನೋಡು, ನಾನು ಅಂದದ್ದನ್ನೇ ಸರ್ಕಾರವೂ ಅಂದಿದೆ ಎಂಬ ಸೊಕ್ಕಿನಿಂದ ಓದಿದೆ. ಮೊಹರಿನ ಕಾಗದ ಸುಳ್ಳು ಹೇಳುವುದಿಲ್ಲವೆಂದು ನಂಬಿ ಅರವತ್ತು ವರ್ಷ ಬದುಕಿದವಳು ನಾನು. ಆ ನಂಬಿಕೆಯನ್ನು ನಿಮ್ಮಂಥವರ ಕೈಗೆ ಕೊಟ್ಟಿದ್ದೆನಲ್ಲ ಎಂದು ನೆನೆದರೆ ಈಗ ಬಾಯಿ ಮುಕ್ಕಳಿಸಬೇಕು ಅನಿಸುತ್ತದೆ. ಅದಕ್ಕೂ ನಿಮ್ಮದೇ ನೀರು.

ಎದುರು ಮನೆಯ ಗುಲ್ಷನ್‌ಬೀ ಕೊಡ ಇಳಿಸಿ ಕೇಳಿದಳು.

“ಕಸ್ತೂರಕ್ಕ, ಪರಿಶೀಲನೆ ಮಾಡ್ಯಾರ ಅಂದಿ. ಯಾವತ್ತು ಬಂದಿದ್ರು? ನಾ ಅಂತೂ ಬಾಗಲದಾಗ ಇರ್ತೀನಿ, ನಾಯಿ ಬಂದ್ರೂ ನನಗ ಗೊತ್ತಾಕ್ಕೈತಿ.”

“ಸರ್ಕಾರದ ಮಂದಿ ನಿನಗ ಹೇಳಿ ಬರ್ತಾರೇನ?”

“ನಿನಗರ ಹೇಳ್ಯಾರೇನ?”

ನಾನು ಕಾಗದವನ್ನು ಮಡಚಿ ಲಕೋಟೆಗೆ ಹಾಕತೊಡಗಿದೆ. ಅಷ್ಟರಲ್ಲಿ ಶಿವಕುಮಾರಿ ಗುಂಡಿಯಿಂದ ಮೇಲೆ ಬಂದಳು. ಮೊಣಕಾಲವರೆಗೆ ತೊಯ್ದ ಸೀರೆ. ಅಳಲಿಲ್ಲ.

“ಓದೂದು ಮುಗೀತೇನ್ರಿ ಅತ್ತಿ?”

“ಮುಗೀತು.”

“ಹಂಗಾರ ಇನ್ನ ಮ್ಯಾಲ ಈ ಕೊಡ ನೀವ ತುಂಬ್ರಿ.”

ಮರುದಿನ ಮುಂಜಾನೆಯ ಬಸ್ಸಿಗೆ ಮೂರು ಮಕ್ಕಳನ್ನು ಕರೆದುಕೊಂಡು ಸಿಂಧನೂರಿಗೆ ಹೋದಳು, ಅಲ್ಲಿಂದ ತುರ್ವಿಹಾಳಕ್ಕೆ. ಬಸ್ಸು ಹತ್ತಿಸಿ ಬಂದ ಮಗ ನನ್ನ ಹತ್ತಿರ ಆಡಿದ್ದು ಒಂದೇ ಮಾತು. “ಯವ್ವಾ, ಅದನ್ನ ಓಣ್ಯಾಗ ಓದಬಾರದಿತ್ತು ನೀ.” ಅಂದಿನಿಂದ ಅವನು ಊಟವನ್ನೂ ಅಂಗಡಿಯಲ್ಲೇ ಮುಗಿಸಿ ಬರುತ್ತಾನೆ.

ಮುಂದಿನ ನೀರಿನ ದಿನ ನಾನೇ ಗುಂಡಿಗೆ ಇಳಿದೆ. ಇಳಿಯುವ ಮುಂಚೆ ಕೊಡವನ್ನು ನನ್ನ ಕೈಯಾರೆ ತಿಕ್ಕಿದ್ದೆ, ಮುಖ ಕಾಣುವ ಹಾಗೆ. ತುಂಬಿ ಮೇಲೆ ತಂದು ನನ್ನ ಯಜಮಾನರ ಮುಂದಿಟ್ಟೆ. ಅವರು ಬಗ್ಗಿ ಮೂಸಿದರು. ನಲವತ್ತು ವರ್ಷ ತಕ್ಕಡಿ ನೋಡಿದ ಮನುಷ್ಯ, ಮಾತನ್ನೂ ತೂಗಿಯೇ ಆಡುವವರು.

“ಇದನ್ನ ಯಾರು ತಿಕ್ಯಾರ?” ಎಂದು ಕೇಳಿದರು.

ನಾನು ಅಲ್ಲಿಂದ ನೆಟ್ಟಗೆ ಹೋಗಿ ನಳ ರಿಪೇರಿಯ ನಬೀಸಾಬನನ್ನು ಕರೆತಂದೆ.

ಮಾನ್ಯ ಅಧಿಕಾರಿಗಳೇ, ಸ್ಥಳ ಪರಿಶೀಲನೆ ಎಂದರೆ ಏನೆಂದು ನಿಮಗೆ ತಿಳಿಯದು. ನಬೀಸಾಬನಿಗೆ ತಿಳಿದಿದೆ. ಅವನು ಓದಿದ್ದು ನಾಲ್ಕನೆಯ ತರಗತಿ. ಗುಂಡಿ ನೋಡಿದ, ಚರಂಡಿ ನೋಡಿದ, ನನ್ನನ್ನು ಕೇಳಿದ.

“ಅಕ್ಕಾರ, ಮನ್ಯಾಗ ನೀಲಿ ಐತೇನ್ರಿ? ಯಜಮಾನ್ರ ಧೋತ್ರಕ್ಕ ಹಾಕ್ತೀರಲ್ಲ, ಅದು.”

“ಯಾಕೋ?”

“ಕೊಡ್ರಿ. ನಿಮ್ಮ ನಳ ಏನೇನು ಕುಡದೈತಿ ಅನ್ನೂದು ಅದರ ಬಾಯಿಂದನ ಹೇಳಸೂಣು.”

ನೀಲಿಯ ಸೀಸೆ ಕೊಟ್ಟೆ. ನೀರು ಇನ್ನೂ ಬರುತ್ತಿತ್ತು. ಅವನು ಬೀಡಿ ಹಚ್ಚಿ ಕಾಯುತ್ತ ಕುಳಿತ. ಎಂದಿನಂತೆ ಅಂದೂ ಕರೆಂಟು ಹೋಯಿತು, ಪಂಪು ನಿಂತಿತು, ನೀರು ನಿಂತಿತು. ಕೂಡಲೇ ಅವನು ಸೀಸೆಯನ್ನು ನಮ್ಮ ಮನೆ ಮುಂದಿನ ಚರಂಡಿಗೆ ಸುರಿದು, ನನ್ನನ್ನು ಗುಂಡಿಗೆ ಇಳಿಸಿ, ನಳದ ಬಾಯಿಗೆ ಹೆಬ್ಬೆರಳು ಇಡಿರಿ ಅಂದ. ಇಟ್ಟೆ. ನಳ ನನ್ನ ಬೆರಳನ್ನು ಒಳಕ್ಕೆ ಎಳೆಯಿತು, ಮೊಲೆ ಚೀಪುವ ಕರುವಿನ ಹಾಗೆ.

“ಗೊತ್ತಾತೇನ್ರಿ? ನೀರು ನಿಂತಾಗ ಪೈಪು ಉಸುರು ಎಳಕೋತೈತಿ. ತೂತು ಇದ್ದಲ್ಲಿ, ಬಗಲಾಗ ಏನಿರ್ತೈತಿ ಅದನ್ನ ಎಳಕೋತೈತಿ.”

ಅರ್ಧ ತಾಸಿನ ಮೇಲೆ ಕರೆಂಟು ಬಂತು. ಮೊದಲ ಚೊಂಬು ಮಾಸಲು ನೀರು. ಎರಡನೆಯ ಚೊಂಬು ನೀಲಿ. ಧೋತ್ರ ಅದ್ದಿ ತೆಗೆಯಬಹುದಾದಂಥ ನೀಲಿ. ಗುಲ್ಷನ್‌ಬೀ ನೋಡಿದಳು, ಓಣಿಯೆಲ್ಲ ನೋಡಿತು. ಎಲ್ಲರ ಮನೆಯಲ್ಲೂ ಮಕ್ಕಳಿದ್ದಾರೆ. ಹತ್ತು ಮನೆಯ ಸಂಡಾಸು ಕೂಡುವ ಆ ಚರಂಡಿಯನ್ನು ನನ್ನ ಮೊಮ್ಮಗು ಎರಡು ತಿಂಗಳು ಚಮಚದಲ್ಲಿ ಕುಡಿದಿದೆ. ನಾನೇ ಕುಡಿಸಿದ್ದೇನೆ, ಸಕ್ಕರೆ ಉಪ್ಪು ಬೆರೆಸಿ, ಔಷಧವೆಂದು. ನಿಮಗೂ ಮನೆಯಲ್ಲಿ ಮಕ್ಕಳಿರಬಹುದು. ಅವರು ಮಾತ್ರ ಈ ನಳದ ನೀರು ಕುಡಿಯುವುದಿಲ್ಲ. ನಿಮ್ಮ ಮನೆಗೆ ಕ್ಯಾನು ಹೋಗುವುದನ್ನು ಊರೇ ನೋಡಿದೆ.

ನಬೀಸಾಬ ಚರಂಡಿಯ ಹಾಸುಗಲ್ಲು ಎಬ್ಬಿಸಿ ಅಗೆದ. ಅದರ ನೇರ ಕೆಳಗೆ ನಮ್ಮ ನಳದ ಪೈಪು ತುಂಡಾಗಿತ್ತು. ತುಂಡಾದ ಜಾಗಕ್ಕೆ ಸೈಕಲ್ ಟ್ಯೂಬು ಸುತ್ತಿ, ತಂತಿ ಬಿಗಿದು, ಮಣ್ಣು ಮುಚ್ಚಿದ್ದರು. ಟ್ಯೂಬು ಕೊಳೆತು ಬಾಯಿ ಬಿಟ್ಟಿತ್ತು. ಅದನ್ನು ಎರಡು ಬೆರಳಲ್ಲಿ ಎತ್ತಿ, “ಯಾವ ಪುಣ್ಯಾತ್ಮನ ಸೈಕಲ್ಲಿಂದೋ ಏನೋ,” ಅಂದ. ನನಗೆ ಗೊತ್ತಿತ್ತು. ಅದು ನಮ್ಮ ಮನೆಯದು. ಅಗೆಯುವ ದಿನ ಯಂತ್ರದ ಹಲ್ಲು ಪೈಪಿಗೆ ತಾಗಿತ್ತು. ಕೆಲಸದವರು ಬಾಗಿಲಿಗೆ ಬಂದು, ಅಮ್ಮಾ ಹಳೇ ಟ್ಯೂಬ್ ಇದ್ದರ ಕೊಡ್ರಿ ಅಂದರು. ನಾನು ವಿರೇಶನ ಹಳೆಯ ಸೈಕಲ್ಲಿನ ಟ್ಯೂಬು ಹುಡುಕಿ ಕೊಟ್ಟೆ, ಅವರಿಗೆ ಚಹಾ ಕೂಡ ಕೊಟ್ಟೆ. ಬಿಳಿ ಅಂಗಿಯ ನಿಮ್ಮ ಮನುಷ್ಯ ಒಬ್ಬ ಕೊಡೆ ಹಿಡಿದು ನಿಂತು, ಹೂಂ, ಮುಚ್ಚರಿ ಅಂದ. ನಮ್ಮ ಓಣಿಯಲ್ಲಿ ನಡೆದ ಸ್ಥಳ ಪರಿಶೀಲನೆ ಅದೊಂದೇ. ಟ್ಯೂಬು ಕೊಟ್ಟ ತಪ್ಪು ನನ್ನದು, ಒಪ್ಪಿದೆ. ಕುಡಿಯುವ ನೀರಿನ ಪೈಪಿಗೆ ಪಂಕ್ಚರ್ ಹಾಕಿ ಅದರ ಮೇಲೆ ಚರಂಡಿ ಹರಿಸಿದ್ದು ಯಾರ ತಪ್ಪು? ಅದೂ ಅರ್ಜಿದಾರರ ಮನೆಯ ಮಹಿಳೆಯರದೇ?

ನಬೀಸಾಬ ಹೊಸ ಪೈಪಿನ ತುಂಡು ಕೂಡಿಸಿ, ಅದಕ್ಕೆ ಹೊರಗಿನಿಂದ ದಪ್ಪ ಪೈಪಿನ ಅಂಗಿ ತೊಡಿಸಿ ಕೊಟ್ಟಿದ್ದಾನೆ. ನಮ್ಮ ನಳ ಈಗ ನಾರುತ್ತಿಲ್ಲ. ಆ ವಿಷಯಕ್ಕೆ ನಿಮ್ಮ ಹಂಗಿಲ್ಲ.

ನಳ ಸರಿಯಾದ ಮೇಲೆ ನಾನು ತುರ್ವಿಹಾಳಕ್ಕೆ ಹೋದೆ. ಕರೆಯದೆ ಬೀಗರ ಮನೆಗೆ ಹೋದದ್ದು ಅದೇ ಮೊದಲು. ಬೀಗಿತ್ತಿ ಯಮನಮ್ಮ ಬಾಗಿಲಲ್ಲಿ ಕಾಲಿಗೆ ನೀರು ಕೊಟ್ಟರು. ಕುಡಿಯಲು ತಂಬಿಗೆ ತಂದವಳು ಶಿವಕುಮಾರಿ.

“ಕುಡೀರಿ ಅತ್ತಿ. ತಿಕ್ಕಿದ ತಂಬಗಿ ಐತಿ.”

ಯಮನಮ್ಮ, “ಏನ ಬೇ ಅದು ಮಾತು,” ಎಂದು ಗದರಿಸಿದರು. ನಾನು ಬೇಡ ಬಿಡಿರಿ ಅಂದೆ. ಆ ಮಾತಿಗೆ ಅವಳಿಗೆ ಹಕ್ಕಿತ್ತು. ಕುಡಿದೆ. ಕೂಸು ಚಾಪೆಯ ಮೇಲೆ ಕೂತಿತ್ತು, ಯಾರೂ ಹಿಡಿಯದೆ. ನಮ್ಮ ಮನೆಯಲ್ಲಿದ್ದಾಗ ಅದಕ್ಕೆ ಕತ್ತು ನಿಲ್ಲಿಸುವ ತ್ರಾಣವೂ ಇರಲಿಲ್ಲ. ಚನ್ನವೀರ ಬಂದು ತೊಡೆ ಹತ್ತಿದ. ಸಾನ್ವಿ ಮಾತ್ರ ಕಂಬದ ಹಿಂದೆ ನಿಂತು ನನ್ನ ಚೀಲವನ್ನೇ ನೋಡುತ್ತಿದ್ದಳು. ತಾಯಿಯ ಸೆರಗು ಜಗ್ಗಿ ಕೇಳಿದಳು.

“ಅವ್ವಾ, ಅಜ್ಜಿ ಮತ್ತ ಕಾಗದ ತಂದಾಳೇನು?”

ಆರು ವರ್ಷದ ಹುಡುಗಿ. ಅಜ್ಜಿಗೆ ಓದಲು ಬರುತ್ತದೆ ಎಂದು ಶಾಲೆಯಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದವಳು.

ನಾನು ತಪ್ಪಾಯಿತು ಅಂದೆ. ಬೀಗಿತ್ತಿಯ ಎದುರಿಗೇ ಅಂದೆ. ನೀಲಿಯ ವಿಷಯ, ಟ್ಯೂಬಿನ ವಿಷಯ, ಏನನ್ನೂ ಮುಚ್ಚಿಡದೆ ಹೇಳಿದೆ. ಶಿವಕುಮಾರಿ ಕೊನೆಯವರೆಗೂ ಕೇಳಿದಳು.

“ನೀವು ಬಾಯಿಲೆ ಅಂದದ್ದನ್ನ ನಾ ಬಿಟ್ಟೀನ್ರಿ. ಮನ್ಯಾಗಿನ ಮಾತು, ಮನ್ಯಾಗ ಮುಗೀತು. ಆದ್ರ ಆ ಕಾಗದ ಓಣಿ ಮುಂದ ಓದೀರಿ. ಆ ಹೆಣ್ಣಮಕ್ಕಳ ಮುಂದ ನಾ ಮತ್ತ ಆ ಗುಂಡ್ಯಾಗ ಇಳೀಬೇಕು. ನನ್ನ ಮಕ್ಕಳು ನನ್ನ ಕೈಲಿಂದ ಬ್ಯಾನಿ ಬಿದ್ದಾವ ಅಂತ ಸರ್ಕಾರ ಬರದೈತಿ. ಅದು ಇನ್ನೂ ಹಂಗ ಐತಿ.”

“ಅದು ಸುಳ್ಳು ಅಂತ ನಾನ ಎಲ್ಲಾರಿಗೂ ಹೇಳ್ತೀನಿ.”

“ನೀವು ಹೇಳಿದ್ರ ಅತ್ತಿ ಸೊಸಿಗಿ ಸಮಾಧಾನ ಮಾಡಾಕತ್ತಾಳ ಅಂತಾರ. ಬರದವ್ರು ತಪ್ಪಾಗೈತಿ ಅಂತ ಬರದು ಕೊಡ್ಲಿ. ನೀವು ಅದನ್ನ ಅದ ಕಟ್ಟಿ ಮ್ಯಾಲ ಕುಂತು ಓದ್ರಿ. ಅವತ್ತ ಬರ್ತೀನಿ.”

ಅವಳ ಮಾತಿನಲ್ಲಿ ಒಂದು ತೂಕ ಹೆಚ್ಚಿಲ್ಲ, ಕಡಿಮೆಯಿಲ್ಲ. ಮೊಹರಿನ ಕಾಗದಕ್ಕೆ ಇಷ್ಟು ಬೆಲೆ ಕಟ್ಟುವುದನ್ನು ಅವಳಿಗೆ ಕಲಿಸಿದವಳೇ ನಾನು.

ಆದ್ದರಿಂದ ನಾನು ಕೇಳುತ್ತಿರುವುದು ಇಷ್ಟು. ಒಂದು ಕಾಗದ. ಅದರಲ್ಲಿ, ಸ್ಥಳ ಪರಿಶೀಲನೆ ನಡೆಸಿರಲಿಲ್ಲವೆಂದು ಬರೆಯಿರಿ. ಚರಂಡಿಯ ಕೆಳಗೆ ಪೈಪು ಒಡೆದಿತ್ತೆಂದು ಬರೆಯಿರಿ. ಅರ್ಜಿದಾರರ ಮನೆಯ ಪಾತ್ರೆಗಳು ಸ್ವಚ್ಛವಾಗಿದ್ದವೆಂದು ಬರೆಯಿರಿ. ಮೊಹರು ಒತ್ತಿರಿ. ನಿಮಗೆ ಬಿಡುವಿದ್ದರೆ ನಮ್ಮ ಓಣಿಯ ಉಳಿದ ಹನ್ನೊಂದು ಮನೆಗಳ ಪೈಪುಗಳನ್ನೂ ಅಗೆದು ನೋಡಿಸಿರಿ, ಅಲ್ಲಿಯೂ ಯಾರ ಯಾರ ಸೈಕಲ್ ಟ್ಯೂಬುಗಳಿವೆಯೋ. ಬಿಡುವಿಲ್ಲದಿದ್ದರೆ ನಬೀಸಾಬನಿದ್ದಾನೆ, ನೀಲಿಯೂ ಇದೆ. ಆದರೆ ಆ ಕಾಗದವನ್ನು ನಬೀಸಾಬ ಬರೆಯಲಾರ, ನಾನೂ ಬರೆಯಲಾರೆ. ಅದೊಂದು ಕೆಲಸಕ್ಕಷ್ಟೇ ನೀವು ನಮಗೆ ಬೇಕಾಗಿರುವುದು.

ತಪ್ಪಾಯಿತು ಎಂದು ಬರೆದರೆ ಕುರ್ಚಿಯ ಮಾನ ಹೋಗುತ್ತದೆಂದು ನೀವು ಅಂಜುತ್ತಿರಬಹುದು. ನನಗೂ ಆ ಅಂಜಿಕೆಯಿತ್ತು. ಅರವತ್ತು ವರ್ಷದಲ್ಲಿ ಮೊದಲ ಸಲ ಆ ಮಾತು ಆಡಿದೆ, ಅದೂ ಸೊಸೆಯ ತವರಿನಲ್ಲಿ ನೆಲದ ಮೇಲೆ ಕುಳಿತು. ಸತ್ತಿಲ್ಲ. ಮರಳಿ ಬರುವಾಗ ಬಸ್ಸಿನಲ್ಲಿ ನಿದ್ದೆ ಕೂಡ ಬಂತು.

ಬರುವ ಶುಕ್ರವಾರ ನೀರಿನ ದಿನ. ಅಂದು ಮುಂಜಾನೆ ನಾನು ಕಟ್ಟೆಯ ಮೇಲೆ ಕುಳಿತಿರುತ್ತೇನೆ, ಹೆಂಗಸರೆಲ್ಲ ಇರುತ್ತಾರೆ. ಸಿಂಧನೂರಿನ ಬಸ್ಸು ಎಂಟೂವರೆಗೆ ಬರುತ್ತದೆ. ಗುರುವಾರದೊಳಗೆ ನಿಮ್ಮ ಕಾಗದ ಬಂದರೆ, ಸೊಸೆ ಮಕ್ಕಳನ್ನು ಆ ಬಸ್ಸಿಗೆ ಕರೆತರಲು ಮಗನನ್ನು ಅಂದೇ ತುರ್ವಿಹಾಳಕ್ಕೆ ಕಳಿಸುತ್ತೇನೆ. ಬಾರದಿದ್ದರೆ ಈ ಪತ್ರವನ್ನೇ ಓದುತ್ತೇನೆ, ಟ್ಯೂಬಿನ ಸಂಗತಿಯನ್ನೂ ಬಿಡದೆ. ಆದರೆ ಇದಕ್ಕೆ ಮೊಹರಿಲ್ಲ. ಇದು ಸಾಕೆಂದು ನನ್ನ ಸೊಸೆ ಒಪ್ಪುತ್ತಾಳೋ ಇಲ್ಲವೋ, ನನಗೆ ಗೊತ್ತಿಲ್ಲ.

ತಮ್ಮ ವಿಶ್ವಾಸಿ ಎಂದು ಬರೆಯಲು ಕೈ ಬರುವುದಿಲ್ಲ. ಆದ್ದರಿಂದ,

ಇಂತಿ,
ಒಂದು ಕಾಗದ ಓದಿ ಮೂರು ಮೊಮ್ಮಕ್ಕಳನ್ನು ಕಳೆದುಕೊಂಡು ಕುಳಿತ
ಕಸ್ತೂರೆಮ್ಮ